ಕ್ಯಾಮೆರಾ ಹಿಡಿದು ಉದ್ಧಾರ ಆದವನು ಯಾವನಪ್ಪಾ?

ಗಾಜನೂರು ಎಂದರೆ ಸಾಕು, ಅಭಿಮಾನಿಗಳಿಗೆ ಮೈ ಜುಮ್ಮೆನ್ನುತ್ತದೆ! ವರನಟ ಡಾ. ರಾಜ್‌ಕುಮಾರ್ ಅವರ ಊರು. ನಕ್ಷೆ ನೋಡಿದರೆ ಅದು ತಮಿಳುನಾಡಿನ ತಾಳವಾಡಿ ಸೀಮೆ. ನಮ್ಮ ಚಾಮರಾಜನಗರದವರ ಲೆಕ್ಕದಲ್ಲಿ ಮಾತ್ರ ಪಕ್ಕದ ಬೀದಿ! 2000ನೇ ಇಸವಿ ಜುಲೈ 30ರ ರಾತ್ರಿ ಅದೇ ಗಾಜನೂರಿನ ತೋಟದ ಮನೆಯಿಂದ ಅಣ್ಣಾವ್ರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ. ನವೆಂಬರ್ 15ರಂದು ಬಿಡುಗಡೆ. ನೂರಾ ಎಂಟು ದಿನ ಇಡೀ ದೇಶದ ಕ್ಯಾಮೆರಾಗಳು ನಮ್ಮ ಸೀಮೆಯ ಕಡೆ ತಿರುಗಿ ನಿಂತಿದ್ದವು.

ನಾನಾಗ ನಡೆಯಲು ಕಲಿಯುತ್ತಿದ್ದ ಕೂಸು. ಆ ದಿನಗಳು ನನಗೆ ನೆನಪಿಲ್ಲ. ಆದರೆ ಅದರ ಫಲ ಇವತ್ತಿಗೂ ಉಣ್ಣುತ್ತಿದ್ದೇನೆ. ಬೆಂಗಳೂರಿನ ಗಾಂಧಿನಗರದಲ್ಲಿ ಯಾರಾದರೂ ‘ಯಾವೂರು ಗುರು?’ ಎಂದಾಗ ‘ಚಾಮರಾಜನಗರ’ ಅಂದರೆ ಮುಂದಿನ ಪ್ರಶ್ನೆ ಒಂದೇ... ‘ವೀರಪ್ಪನ್ ನೋಡಿದ್ರಾ?’ ಆತ ಸತ್ತದ್ದು 2004ರ ಅಕ್ಟೋಬರಿನಲ್ಲಿ. ಸಿನಿಮಾದಲ್ಲಿ ಇನ್ನೂ ಸತ್ತಿಲ್ಲ! 2013ರಲ್ಲಿ ‘ಅಟ್ಟಹಾಸ’, 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’. ಕ್ಯಾಮೆರಾ ನಮ್ಮ ಕಡೆ ಬಂದಾಗಲೆಲ್ಲ ಮೀಸೆ, ಕೋವಿ, ಪೊಲೀಸ್ ಜೀಪು. ಅಲ್ಲಾ ಸ್ವಾಮಿ, ಈ ಸೀಮೆಯಲ್ಲಿ ಬೇರೆ ಏನೂ ಕಾಣಿಸಲಿಲ್ಲವೇ?

ಕಾಣಿಸುತ್ತದೆ. ಕಾಣುವ ಕಣ್ಣು ಬೇಕು. ಆ ಕಣ್ಣು ಸಿಗುವುದು ಎಲ್ಲಿ? ಈ ವಾರ ಅದೇ ಮಾತು.

ಒಂದು ಹೆಸರು ಹೇಳು ನೋಡವ!

ನಮ್ಮೂರು ಹರದನಹಳ್ಳಿ. ಚಾಮರಾಜನಗರಕ್ಕೆ ಕೂಗಿದರೆ ಕೇಳುವಷ್ಟು ದೂರ. ಗೋಸಲ ಚನ್ನಬಸವೇಶ್ವರರ ಊರು, ತೋಂಟದ ಸಿದ್ಧಲಿಂಗ ಯತಿಗಳ ಊರು ಎಂದು ಹಿರಿಯರು ಎದೆಯುಬ್ಬಿಸಿ ಹೇಳುತ್ತಾರೆ. ಊರಿಗೊಂದು ಹಳೆಯ ದಿವ್ಯಲಿಂಗೇಶ್ವರ ದೇವಸ್ಥಾನ. ಸುತ್ತ ಬಾಳೆ, ಕಬ್ಬು, ಅರಿಶಿನ. ನಮ್ಮ ಚಿಕ್ಕಪ್ಪನದೂ ಅರಿಶಿನದ ಹೊಲವೇ. ಅವರ ಮಗ, ನನ್ನ ತಮ್ಮ, ಎರಡನೇ ಪಿ.ಯು.ಸಿ. ಪಾಸು ಮಾಡಿದ್ದಾನೆ. ನಮ್ಮ ವಂಶದಲ್ಲಿ ಆ ಗಡಿ ದಾಟಿದ ಮೊದಲ ವೀರ! (ಈ ಬರಹಗಾರ ಅದೇ ಗಡಿಯಿಂದ ಹಿಂದಕ್ಕೆ ಬಂದವನು. ಅದಿರಲಿ.)

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಅವನಿಗೊಂದು ಕೆಲಸ ಸಿಗುವಂತಿತ್ತು. ಶಿಫ್ಟು, ಕ್ಯಾಂಟೀನ್ ಊಟ, ತಿಂಗಳಾದರೆ ಸಂಬಳ. ನಮ್ಮ ಹುಡುಗ ಅಂದ: ‘ಅಪ್ಪೋ, ನಾನು ಕ್ಯಾಮೆರಾ ಕಲೀತೀನಿ.’

ಚಿಕ್ಕಪ್ಪ ಕೂಗಾಡಲಿಲ್ಲ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿ ಕೇಳಿದರು. ‘ನೀನು ಸಿನಿಮಾ ಪತ್ರಿಕೆಲಿ ಬರಿಯವ. ನೀನೇ ಹೇಳು ಮಗ. ಕ್ಯಾಮೆರಾ ಹಿಡ್ಕಂಡು ಉದ್ಧಾರ ಆದವ ಯಾವನಪ್ಪ? ಒಂದು ಹೆಸರ ಹೇಳು ನೋಡವ.’

ಹೀರೋಗಳ ಹೆಸರು ಕೇಳಿದ್ದರೆ ಒಂದೇ ಉಸಿರಿಗೆ ಐವತ್ತು ಹೇಳುತ್ತಿದ್ದೆ. ನೀವೂ ಅಷ್ಟೇ, ಅಲ್ಲವಾ? ಟೈಟಲ್ ಕಾರ್ಡಿನಲ್ಲಿ ‘ಛಾಯಾಗ್ರಹಣ’ ಎಂದು ಬರುವ ಹೊತ್ತಿಗೆ ನಾವು ಶಿಳ್ಳೆ ಹೊಡೆದು ಸುಸ್ತಾಗಿ ಸೀಟು ಹುಡುಕುತ್ತಿರುತ್ತೇವೆ!

ಮೈಸೂರಿನ ಹುಡುಗ, ಬೊಂಬಾಯಿಯ ಬಿಸಿಲು

ನಾನು ಹೇಳಿದ ಮೊದಲ ಹೆಸರು ವಿ.ಕೆ. ಮೂರ್ತಿ.

1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಮಾಡಿ 1946ರಲ್ಲಿ ಹೊರಬಂದರು. ಆಮೇಲೆ ಬೊಂಬಾಯಿ. ಅಲ್ಲಿ ಕನ್ನಡದ ಹುಡುಗನಿಗೆ ಯಾರೂ ಹಾರ ಹಿಡಿದು ಕಾದಿರಲಿಲ್ಲ. ವರ್ಷಗಟ್ಟಲೆ ಸಹಾಯಕನ ಕೆಲಸ. 1951ರಲ್ಲಿ ‘ಬಾಜಿ’ ಚಿತ್ರದ ಶೂಟಿಂಗ್. ಛಾಯಾಗ್ರಾಹಕರು ವಿ. ರಾತ್ರ, ಮೂರ್ತಿ ಅವರ ಸಹಾಯಕ. ಒಂದು ಹಾಡಿನಲ್ಲಿ ಕನ್ನಡಿಯ ಮೂಲಕ ಹೋಗುವ ಕಷ್ಟದ ಶಾಟ್ ಒಂದನ್ನು ತಾನು ತೆಗೆಯುತ್ತೇನೆಂದು ಈ ಸಹಾಯಕ ಮುಂದೆ ಬಂದ. ತೆಗೆದೂ ತೋರಿಸಿದ. ಹೊಸ ನಿರ್ದೇಶಕ ಗುರುದತ್ ಬೆಪ್ಪಾದರು! ಮುಂದಿನ ಚಿತ್ರ ‘ಜಾಲ್’ (1952) ಮೂರ್ತಿಯವರ ಕೈಗೆ. ಅಲ್ಲಿಂದ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’... ಹಿಂದಿ ಚಿತ್ರರಂಗದ ಕಪ್ಪು ಬಿಳುಪಿನ ಚಿನ್ನದ ಕಾಲವನ್ನು ಬೆಳಗಿಸಿದ್ದು ಮೈಸೂರಿನ ಕೈ.

ಅದರಲ್ಲೂ 1959ರ ‘ಕಾಗಜ್ ಕೆ ಫೂಲ್’! ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. (ಕನ್ನಡಕ್ಕೆ ಸಿನಿಮಾಸ್ಕೋಪ್ ಬರಲು 1977ರ ‘ಸೊಸೆ ತಂದ ಸೌಭಾಗ್ಯ’ದವರೆಗೆ ಕಾಯಬೇಕಾಯಿತು, ಗೊತ್ತಿರಲಿ.) ಖಾಲಿ ಸ್ಟುಡಿಯೋ. ಒಂದು ಕಡೆ ಗುರುದತ್, ಇನ್ನೊಂದು ಕಡೆ ವಹೀದಾ ರೆಹಮಾನ್. ಗೀತಾ ದತ್ ಹಾಡುತ್ತಿದ್ದಾರೆ. ಮೇಲಿನಿಂದ ದಪ್ಪನೆಯ ಬೆಳಕಿನ ಕೋಲೊಂದು ಕತ್ತಲೆಗೆ ಇಳಿದಿದೆ. ಇಬ್ಬರೂ ಮುಟ್ಟಲಾಗದ ಪ್ರೇಮ, ಮಧ್ಯೆ ಆ ಬೆಳಕು. ದೊಡ್ಡ ದೊಡ್ಡ ಲೈಟು ಹಾಕಿ ತೆಗೆದದ್ದು ಎಂದುಕೊಂಡಿರಾ? ಇಲ್ಲ. ಎರಡು ದೊಡ್ಡ ಕನ್ನಡಿ! ಒಂದು ಹೊರಗೆ ಬಿಸಿಲನ್ನು ಹಿಡಿದು ಒಳಕ್ಕೆ ಎಸೆಯಿತು, ಇನ್ನೊಂದು ಮೇಲೆ ನಿಂತು ಅದನ್ನು ನೆಲಕ್ಕೆ ಇಳಿಸಿತು. ಬಾಡಿಗೆ ಕೊಡಬೇಕಾಗಿಲ್ಲದ, ಸೂರ್ಯನಾರಾಯಣ ಪುಕ್ಕಟೆ ಕೊಟ್ಟ ಬೆಳಕು.

ಚಿತ್ರ ನೆಲಕಚ್ಚಿತು. ಆ ಬೆಳಕು ಮಾತ್ರ ಉಳಿಯಿತು. ಮೂರ್ತಿಯವರಿಗೆ ಫಿಲ್ಮ್‌ಫೇರ್ ಬಂತು. 1993ರಲ್ಲಿ ಕನ್ನಡಕ್ಕೂ ಬಂದು ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ ತೆಗೆದುಕೊಟ್ಟರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರದು. ಅಲ್ಲಿಯವರೆಗೆ ನಟರು, ನಿರ್ದೇಶಕರು, ಗಾಯಕರು ಪಡೆದಿದ್ದ ಆ ಗೌರವವನ್ನು ಮೊಟ್ಟಮೊದಲು ಪಡೆದ ಛಾಯಾಗ್ರಾಹಕ ನಮ್ಮ ಮೈಸೂರಿನವರು! 2014ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಇಷ್ಟನ್ನೂ ನಾನು ಡೈಲಾಗ್ ಹೊಡೆದ ಹಾಗೆ ಹೇಳಿ ಮುಗಿಸಿದೆ. ಚಿಕ್ಕಪ್ಪ ಅಂದರು: ‘ಮೈಸೂರು ಅಂದ್ರ ಪಟ್ಟಣ ಕನ ಮಗ. ಕಾಡ್ ಕಡಿಂದ ಯಾರಾರ ಅವ್ರಾ ಹೇಳು.’

ವೀರಪ್ಪನ್ ಹಿಡ್ಕಂಡೋದ ಹೈಕ್ಳು

ಅದಕ್ಕೂ ಉತ್ತರ ಇತ್ತು. ಕೃಪಾಕರ–ಸೇನಾನಿ.

‘ಓ, ವೀರಪ್ಪನ್ ಹಿಡ್ಕಂಡೋದ ಹೈಕ್ಳ?’ ಅಂದರು ಚಿಕ್ಕಪ್ಪ. ನೋಡಿ! ನಮ್ಮ ಸೀಮೆಯಲ್ಲಿ ಛಾಯಾಗ್ರಾಹಕರ ಹೆಸರು ಕೂಡ ವೀರಪ್ಪನ ಬಾಯಿಂದಲೇ ಬರಬೇಕು.

ನಿಜ. 1997ರ ಅಕ್ಟೋಬರ್. ಬಂಡೀಪುರದ ಕಾಡಂಚಿನ ಮನೆಯಲ್ಲಿದ್ದ ಈ ಇಬ್ಬರನ್ನು ವೀರಪ್ಪನ್ ತಂಡ ಎತ್ತಿಕೊಂಡು ಹೋಯಿತು. ಸರ್ಕಾರದ ದೊಡ್ಡ ಅಧಿಕಾರಿಗಳು ಸಿಕ್ಕಿದರು, ಇವರನ್ನಿಟ್ಟುಕೊಂಡು ಮಾತುಕತೆ ಆಡಬಹುದು ಎಂದು ಅವರ ಲೆಕ್ಕ. ಸಿಕ್ಕಿದ್ದು ಹಕ್ಕಿ ಪ್ರಾಣಿಗಳ ಫೋಟೋ ತೆಗೆಯುವವರು! ಹದಿನಾಲ್ಕು ದಿನ ಕಾಡಿನಲ್ಲಿ ಅವರ ಜೊತೆ ಅಲೆದು ಇಬ್ಬರೂ ಕ್ಷೇಮವಾಗಿ ಬಂದರು, ಬಂದು ಪುಸ್ತಕವನ್ನೂ ಬರೆದರು. ಯಾವ ಸಿನಿಮಾ ಕಥೆಗೂ ಕಡಿಮೆಯಿಲ್ಲ.

ಆದರೆ ಈ ಹದಿನಾಲ್ಕು ದಿನಕ್ಕಿಂತ ದೊಡ್ಡ ಕಥೆ ಇನ್ನೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಮೈಸೂರಿನಿಂದ ಹೊರಟ ಈ ಇಬ್ಬರು ಬಂಡೀಪುರದಲ್ಲಿ ಕೆನ್ನಾಯಿಗಳ ಹಿಂದೆ ವರ್ಷಾನುಗಟ್ಟಲೆ ಅಲೆದರು. ಕೆನ್ನಾಯಿ ಅಂದರೆ ನಮ್ಮವರು ಸೀಳುನಾಯಿ ಎನ್ನುತ್ತಾರಲ್ಲ, ಅದು. ಹುಲಿಯ ಫೋಟೋ ಕೇಳುವವರು ಸಾವಿರ ಜನ. ನಾಯಿಯ ಫೋಟೋ ಯಾರಿಗೆ ಬೇಕು? ಬ್ರಿಟಿಷರ ಕಾಲದಿಂದ ಅದನ್ನು ಪೀಡೆ ಎಂದು ಕೊಂದು ಬಹುಮಾನ ಪಡೆಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತದ್ದು. ಇಂಥ ಬೇಡವಾದ ಪ್ರಾಣಿಯ ಸಂಸಾರವನ್ನು ಇವರು ಕೂತು ನೋಡಿದರು. ಮರಿಗಳಿಗೆ ಯಾರು ಉಣ್ಣಿಸುತ್ತಾರೆ, ಬೇಟೆಗೆ ಯಾರು ಮುಂದೆ, ಗುಂಪಿನಲ್ಲಿ ಯಾರ ಮಾತು ನಡೆಯುತ್ತದೆ... ಫೋಟೋ ತೆಗೆಯುವ ಚಟ ಸಿನಿಮಾ ತೆಗೆಯುವ ಹಟಕ್ಕೆ ತಿರುಗಿತು. ‘ದಿ ಪ್ಯಾಕ್’ ಎಂಬ ಅವರ ಕೆನ್ನಾಯಿ ಚಿತ್ರಕ್ಕೆ 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ ಪಾಂಡಾ ಪ್ರಶಸ್ತಿ ಬಂತು. ಕಾಡಿನ ಚಿತ್ರದವರ ಪಾಲಿಗೆ ಅದೇ ಆಸ್ಕರ್. ಜನ ಕರೆಯುವುದೂ ‘ಗ್ರೀನ್ ಆಸ್ಕರ್’ ಎಂದೇ.

ಹುಲಿ ಬಿಟ್ಟು ನಾಯಿ ಹಿಡಿದವರಿಗೆ ಆಸ್ಕರ್! ಚಿಕ್ಕಪ್ಪನಿಗೆ ಈ ಮಾತು ಸ್ವಲ್ಪ ತಟ್ಟಿತು ಅನ್ನಿಸುತ್ತದೆ. ‘ಎಷ್ಟು ವರ್ಷ ಕಾದ್ರಂತ?’ ಎಂದು ಕೇಳಿದರು. ಬೆಳೆ ಕಾಯುವವರಿಗೆ ಕಾಯುವ ಮಾತು ಬೇಗ ಅರ್ಥವಾಗುತ್ತದೆ.

ಕೊನೆಗೆ ಒಂದು ಕರಾರಾಯಿತು. ಎರಡು ದಿನ ಹುಡುಗನನ್ನು ನಾನು ಕರೆದುಕೊಂಡು ಹೋಗಬೇಕು. ‘ಇಂವ ಏನ್ ನೋಡ್ಕ ಬತ್ತನ ಅಂತ ನಾನು ನೋಡ್ತಿನಿ.’ ಅಲ್ಲಿಗೆ ನಮ್ಮ ಔಟ್‌ಡೋರ್ ಶೂಟಿಂಗ್ ಶುರು!

ಮುಂದಿನ ಗಾಜೇ ಸಿನಿಮಾಸ್ಕೋಪ್

ಹುಡುಗನ ಕೈಯಲ್ಲಿ ಅವನ ಮೊಬೈಲು. ನನ್ನ ಹೆಗಲಲ್ಲಿ ಎರಡನೇ ಕೈಯ ಒಂದು ಕ್ಯಾಮೆರಾ. ಮದುವೆ ಸ್ಟುಡಿಯೋದಲ್ಲಿ ಲೈಟು ಹಿಡಿದು ಕೂಡಿಸಿದ ದುಡ್ಡಿನಲ್ಲಿ ಕೊಂಡದ್ದು.

ಬೆಳಿಗ್ಗೆ ಮೊದಲು ಹೋದದ್ದು ನಮ್ಮೂರಿನ ದಿವ್ಯಲಿಂಗೇಶ್ವರನ ಗುಡಿಗೆ. ಹುಟ್ಟಿದಾಗಿನಿಂದ ನೋಡಿದ ಗುಡಿ. ‘ಇಲ್ಲಿ ಏನ್ ತೆಗಿಯೋದಣ್ಣ?’ ಎಂದ. ಎರಡು ಸೆಲ್ಫಿ ತೆಗೆದುಕೊಂಡ, ಮುಗಿಯಿತು. ನಾನು ಏನೂ ಹೇಳಲಿಲ್ಲ. ಮನೆಯ ಗೋಡೆ ಯಾರಿಗೆ ಕಾಣಿಸುತ್ತದೆ?

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆ ಬಸ್ಸು. ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಕೆಂಪು ಬಸ್ಸಿನಲ್ಲಿ ಆ ಸೀಟು ಅಂದರೆ ಬಾಲ್ಕನಿ ಟಿಕೆಟ್ ಇದ್ದ ಹಾಗೆ. ಮುಂದಿನ ಅಗಲದ ಗಾಜು ಸಿನಿಮಾಸ್ಕೋಪ್, ಪಕ್ಕದ ಕಿಟಕಿ ಹಳೆಯ ಕಾಲದ ಚೌಕ ತೆರೆ. ಪಕ್ಕದ ಕಿಟಕಿಯಲ್ಲಿ ಹತ್ತಿರದ ಬೇಲಿ ಗೀಚಿಕೊಂಡು ಓಡುತ್ತದೆ, ದೂರದ ಬೆಟ್ಟ ನಿಂತೇ ಇರುತ್ತದೆ. ಸಿನಿಮಾದಲ್ಲಿ ಹೀರೋ ಬೈಕು ಓಡಿಸುವಾಗ ಈ ಹಿಂದೆ ಓಡುವ ಬೇಲಿಯಿಂದಲೇ ವೇಗ ಹುಟ್ಟುವುದು. ಬೆಟ್ಟವನ್ನಷ್ಟೇ ತೋರಿಸಿದರೆ ಹೀರೋ ಎತ್ತಿನ ಗಾಡಿಯಲ್ಲಿ ಹೋದ ಹಾಗೆ! ಇದನ್ನು ಹೇಳಿದ ಮೇಲೆ ತಮ್ಮ ಮೊಬೈಲು ಜೇಬಿಗೆ ಹಾಕಿ ಬರೀ ಕಣ್ಣಲ್ಲಿ ನೋಡತೊಡಗಿದ. ಪ್ರಯಾಣದ ಮೊದಲ ಲಾಭ.

ಊರು ಬಿಟ್ಟ ಕಣ್ಣೇ ಬೇರೆ. ‘ಸಂಸ್ಕಾರ’ ಚಿತ್ರ ನೆನಪು ಮಾಡಿಕೊಳ್ಳಿ. 1970ರ ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣ ಪದಕ ಬಂತು, ಕನ್ನಡಕ್ಕೆ ಹೊಸ ಅಲೆ ಬಂತು. ತುಂಗೆಯ ದಡದ ಆ ಅಗ್ರಹಾರವನ್ನು ಸೆರೆ ಹಿಡಿದವರು ಯಾರು? ಆಸ್ಟ್ರೇಲಿಯಾದ ಟಾಮ್ ಕೋವನ್! ನಮಗೆ ದಿನಾ ಕಾಣುವ ಕಲ್ಲುಹಾಸು, ಕಂಬ, ಒದ್ದೆ ಪಂಚೆ ಅವರಿಗೆ ದಿನಾ ಕಾಣುವ ಸಂಗತಿಯಾಗಿರಲಿಲ್ಲ. ಇನ್ನು ಗೋವಿಂದ ನಿಹಲಾನಿ. ಕರಾಚಿಯಲ್ಲಿ ಹುಟ್ಟಿ, ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ ಕಲಿತು, ಅದೇ ವಿ.ಕೆ. ಮೂರ್ತಿಯವರ ಹತ್ತಿರ ಪಳಗಿದವರು. 1973ರಲ್ಲಿ ಗಿರೀಶ ಕಾರ್ನಾಡರ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ನಮ್ಮ ಹಳ್ಳಿಯ ಕತ್ತಲೆಯನ್ನು ನಮಗೇ ಹೆದರಿಕೆಯಾಗುವ ಹಾಗೆ ತೋರಿಸಿದವರು ಹೊರಗಿನಿಂದ ಬಂದವರು.

ಹೂವಿಗೆ ಬೆನ್ನು ಹಾಕಿದ ಹುಡುಗ

ಗುಂಡ್ಲುಪೇಟೆ ದಾಟಿದರೆ ಮುಂಗಾರಿನ ಹೊತ್ತಿನಲ್ಲಿ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವು. ಡ್ಯೂಯೆಟ್ ಹಾಡಿಗೆ ಸೆಟ್ ಹಾಕಿದ ಹಾಗೆ! ಕೇರಳದ ಕಾರುಗಳು ಸಾಲಾಗಿ ನಿಂತಿರುತ್ತವೆ. ಫೋಟೋ ತೆಗೆಯಲು ಹೊಲಕ್ಕೆ ನುಗ್ಗುವವರ ಕಾಟಕ್ಕೆ ರೈತರು ಈಗ ಕೆಲವು ಕಡೆ ದುಡ್ಡು ತೆಗೆದುಕೊಳ್ಳುತ್ತಾರೆ. ಸರಿಯೇ ಮತ್ತೆ. ತುಳಿದ ಗಿಡಕ್ಕೆ ಬೆಲೆ ಕಟ್ಟುವವರು ಯಾರು?

ಇಲ್ಲೊಂದು ಗುಟ್ಟು ಹೇಳುತ್ತೇನೆ, ಮೊಬೈಲಿನಲ್ಲೂ ನಡೆಯುತ್ತದೆ. ಸೂರ್ಯಕಾಂತಿ ದಿನವಿಡೀ ಸೂರ್ಯನ ಹಿಂದೆ ತಿರುಗುತ್ತದೆ ಎನ್ನುತ್ತಾರಲ್ಲ, ಅದು ಎಳೆಯ ಮೊಗ್ಗಿನ ಆಟ. ಅರಳಿ ಬಲಿತ ಹೂವು ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಹಾಗಾಗಿ ಹೂವಿನ ಮುಖಕ್ಕೆ ಬೆಳಕು ಬೀಳುವುದು ಬೆಳಿಗ್ಗೆ. ಸಂಜೆ ಹೋದರೆ ಮುಖವೆಲ್ಲ ನೆರಳು, ಆದರೆ ಬೆನ್ನಿನ ಬಿಸಿಲಿಗೆ ಎಸಳೆಲ್ಲ ದೀಪದ ಹಾಗೆ ಹೊತ್ತಿಕೊಳ್ಳುತ್ತದೆ. ಎರಡೂ ಚೆನ್ನ, ಬೇರೆ ಬೇರೆ ಚೆನ್ನ. ನಾವು ಹೋದದ್ದು ನಡು ಮಧ್ಯಾಹ್ನ. ಎರಡೂ ಇಲ್ಲ!

ನಾನು ಟೀ ಕುಡಿಯಲು ನಿಂತೆ. ತಮ್ಮ ಹೊಲದ ಬದಿಯಲ್ಲಿ ಏನೋ ತೆಗೆಯುತ್ತಿದ್ದ. ಆಮೇಲೆ ನೋಡಿದರೆ ಹೂವಿನ ಚಿತ್ರ ಒಂದೂ ಇಲ್ಲ. ಬದುವಿನ ಮೇಲೆ ಕೂತಿದ್ದ ಒಬ್ಬ ಹೆಂಗಸು. ತಲೆಗೆ ಟವಲು, ಮಡಿಲಲ್ಲಿ ಹತ್ತು ಇಪ್ಪತ್ತರ ನೋಟು, ಕೈಯಲ್ಲಿ ಒಂದು ಕೋಲು. ಅವಳ ಹಿಂದೆ ಹಳದಿ ಮಸುಕು, ಅದರೊಳಗೆ ಹಲ್ಲು ಕಿರಿಯುತ್ತಾ ಪೋಸು ಕೊಡುವ ಪ್ರವಾಸಿಗರು. ಅವಳು ಮಾತ್ರ ತುಳಿಸಿಕೊಳ್ಳುತ್ತಿದ್ದ ಗಿಡಗಳನ್ನೇ ನೋಡುತ್ತಿದ್ದಳು. ‘ಕೇಳಿ ತೆಗೆದ್ಯಾ?’ ಎಂದೆ. ‘ಕೇಳ್ದೆ ಅಣ್ಣ. ನನ್ನ ಫೋಟೋಗ ದುಡ್ಡಿಲ್ಲ, ಹೂವ್ಗ ಮಾತ್ರ ಅಂದ್ರು.’

ಮಂಜಿನ ಮುಂದೆ ಯಾವ ಹೀರೋ?

ಹಂಗಳದ ಹತ್ತಿರ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸುಮಾರು 1,450 ಮೀಟರ್ ಎತ್ತರ. ಖಾಸಗಿ ವಾಹನ ಮೇಲಕ್ಕೆ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸು. ಮೇಲೆ ಹೋದರೆ ಕೊಳಲೂದುವ ಗೋಪಾಲಸ್ವಾಮಿ, ಸುತ್ತ ಬಂಡೀಪುರದ ಕಾಡು, ಮತ್ತು ಮಂಜು. ನಾವು ಹೋದ ದಿನ ಮಂಜು ಬಿಟ್ಟರೆ ಬೇರೇನೂ ಇರಲಿಲ್ಲ!

ತಮ್ಮ ಮೊಬೈಲು ತೆಗೆದ. ತೆರೆಯಲ್ಲಿ ಬರೀ ಬೂದಿ ಬಣ್ಣ. ‘ಕಣ್ಣಿಗ ಬೆಳ್ಳಗ ಅದ, ಇದ್ರಲ್ಲಿ ಯಾಕಣ್ಣ ಕೊಳೆ ಬಟ್ಟೆ ಹಂಗ ಬರದು?’ ಒಳ್ಳೆಯ ಪ್ರಶ್ನೆ. ಕ್ಯಾಮೆರಾಗೆ ಬಿಳುಪು ಯಾವುದು, ಕಪ್ಪು ಯಾವುದು ಗೊತ್ತಿಲ್ಲ. ಎದುರಿಗಿರುವುದನ್ನೆಲ್ಲ ಸರಾಸರಿ ಮಾಡಿ ನಡುವಿನ ಬೂದಿಗೆ ತಂದು ನಿಲ್ಲಿಸುವುದು ಅದರ ಹುಟ್ಟುಗುಣ. ಮಂಜು, ಬಿಳಿ ಪಂಚೆ, ಸುಣ್ಣದ ಗೋಡೆ, ಎಲ್ಲದಕ್ಕೂ ಅದೇ ಗತಿ. ಅಲ್ಲಿ ನಾವೇ ಬೆಳಕನ್ನು ಒಂದು ಹೆಜ್ಜೆ ಹೆಚ್ಚಿಸಬೇಕು. ಕಪ್ಪು ಆನೆಯನ್ನು ತೆಗೆಯುವಾಗ ಉಲ್ಟಾ, ಒಂದು ಹೆಜ್ಜೆ ಇಳಿಸಬೇಕು. ತೆರೆಯ ಮೇಲೆ ಬೆರಳಿಟ್ಟು ಎಳೆದು ತೋರಿಸಿದೆ. ಮಂಜು ಬೆಳ್ಳಗಾಯಿತು. ಹುಡುಗನ ಮುಖ ಅದಕ್ಕಿಂತ ಬೆಳಗಿತು. ಯಂತ್ರ ತನ್ನ ಮಾತು ಕೇಳಿತು ಎಂಬ ಆ ಕ್ಷಣ ಇದೆಯಲ್ಲ... ಅಲ್ಲಿಂದ ಮುಂದೆ ಬಿಡಿಸಿಕೊಳ್ಳುವುದು ಕಷ್ಟ.

ಒಂದು ಗಂಟೆ ಕಾದೆವು. ಇದ್ದಕ್ಕಿದ್ದ ಹಾಗೆ ಗಾಳಿ ತಿರುಗಿ ಪರದೆ ಸರಿದಂತೆ ಮಂಜು ಸರಿಯಿತು. ಕೆಳಗೆ ಹಸಿರು ಕಣಿವೆ, ಹುಲ್ಲಿನ ಇಳಿಜಾರಿನಲ್ಲಿ ಗೋಲಿ ಚೆಲ್ಲಿದ ಹಾಗೆ ಐದಾರು ಆನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಪರದೆ! ತಮ್ಮ ಮೊಬೈಲು ಎತ್ತಿರಲೇ ಇಲ್ಲ. ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

‘ತೆಗಿಲಿಲ್ವಲ್ಲೋ?’ ಎಂದೆ. ‘ನಾಳ ಮತ್ತ ಬರವ ಅಣ್ಣ’ ಎಂದ. ನನಗೆ ಆಗ ಅನ್ನಿಸಿತು, ಚಿಕ್ಕಪ್ಪನ ಕೈಯಿಂದ ಇವನು ಜಾರಿದ!

ಇಲ್ಲೊಂದು ಮಾತು. ಆನೆ ಹತ್ತಿರ ಕಾಣಿಸಿತು ಎಂದು ಗಾಡಿ ಇಳಿದು ಪೋಸು ಕೊಡುವ ಶೂರರು ನಮ್ಮಲ್ಲಿ ಕಡಿಮೆಯಿಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಹೀಗೆ ಹೋದ ಒಬ್ಬನನ್ನು ಆನೆ ಅಟ್ಟಿಸಿಕೊಂಡು ಬಂದು ಬೀಳಿಸಿತು. ಬದುಕಿದ್ದೇ ಪುಣ್ಯ. ಮೇಲೆ 25 ಸಾವಿರ ರೂಪಾಯಿ ದಂಡ! ಕಾಡಿನ ರಸ್ತೆಯಲ್ಲಿ ಇಳಿಯುವುದು ಅಪರಾಧ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಾಮಾನ್ಯ ವಾಹನಗಳ ಓಡಾಟವನ್ನೇ 2009ರಲ್ಲಿ ನಿಲ್ಲಿಸಿದರು. ಕಾಡು ನಮ್ಮ ಸ್ಟುಡಿಯೋ ಅಲ್ಲ ಕಣ್ರೀ.

ಅಪ್ಪು ಹೋದ ದಾರಿ

1973ನೇ ಇಸವಿಯ ಒಂದು ಚೋದ್ಯ ನೋಡಿ. ಹುಲಿ ಯೋಜನೆ ಶುರುವಾಗಿ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರ ಸೇರಿದ್ದು ಆ ವರ್ಷ. ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್ ಅವರ ನಿರ್ಮಾಣದಲ್ಲಿ ಅಣ್ಣಾವ್ರು ಅರಣ್ಯಾಧಿಕಾರಿಯಾಗಿ ‘ಗಂಧದ ಗುಡಿ’ ಬಂದದ್ದೂ ಅದೇ ವರ್ಷ! ಕಾಡು ಉಳಿಸಬೇಕು ಎಂಬ ಮಾತನ್ನು ಕಾನೂನಿಗಿಂತ ಬೇಗ ನಮ್ಮ ಹಳ್ಳಿಗಳಿಗೆ ಮುಟ್ಟಿಸಿದ್ದು ಯಾರು ಎಂದು ಬೇರೆ ಹೇಳಬೇಕೆ?

ಸುಮಾರು ಐವತ್ತು ವರ್ಷದ ಮೇಲೆ ಅದೇ ಹೆಸರಿನಲ್ಲಿ ಮಗ ಹೊರಟರು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’. ಪಾತ್ರ ಇಲ್ಲ, ಫೈಟು ಇಲ್ಲ, ಅಪ್ಪು ಅಪ್ಪುವಾಗಿಯೇ ಕರ್ನಾಟಕದ ಕಾಡು ಕಡಲು ಸುತ್ತಿದ ಚಿತ್ರ. 2021ರ ಅಕ್ಟೋಬರ್ 29ರಂದು ಅವರು ನಮ್ಮನ್ನು ಬಿಟ್ಟು ಹೋದರು. ಚಿತ್ರ ತೆರೆಗೆ ಬಂದದ್ದು 2022ರ ಅಕ್ಟೋಬರ್ 28ರಂದು. ಥಿಯೇಟರಿನಲ್ಲಿ ಅಳದವರು ಯಾರು? ಅದರಲ್ಲಿ ಅಪ್ಪು ಜೊತೆ ನಡೆಯುವ ನಿರ್ದೇಶಕ ಅಮೋಘವರ್ಷ ಮೊದಲು ಸಾಫ್ಟ್‌ವೇರ್ ಎಂಜಿನಿಯರ್. ಅದನ್ನು ಬಿಟ್ಟು ಕ್ಯಾಮೆರಾ ಹಿಡಿದು ಕಾಡು ಸೇರಿದವರು. ಕಲ್ಯಾಣ್ ವರ್ಮಾ ಜೊತೆ ಸೇರಿ ಮಾಡಿದ ‘ವೈಲ್ಡ್ ಕರ್ನಾಟಕ’ಕ್ಕೆ ಡೇವಿಡ್ ಅಟೆನ್‌ಬರೋ ಅವರೇ ದನಿ ಕೊಟ್ಟರು, ಕನ್ನಡದಲ್ಲಿ ರಿಷಬ್ ಶೆಟ್ಟಿ. 2021ರಲ್ಲಿ ಘೋಷಣೆಯಾದ ರಾಷ್ಟ್ರ ಪ್ರಶಸ್ತಿಗಳಲ್ಲಿ ಆ ಚಿತ್ರವೂ ಗೆದ್ದಿತು, ನಿರೂಪಣೆಗಾಗಿ ಅಟೆನ್‌ಬರೋ ಅವರೂ ಗೆದ್ದರು.

ಬಂಡೀಪುರದಿಂದ ಹಿಂದಕ್ಕೆ ಬರುವ ಬಸ್ಸಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದೆ. ತಮ್ಮ ಕೇಳುತ್ತಿರಲಿಲ್ಲ. ಕಿಟಕಿಯ ಕಂಬಿಯ ನೆರಳು ಎದುರು ಸೀಟಿನ ಅಜ್ಜನ ಬಿಳಿ ರುಮಾಲಿನ ಮೇಲೆ ಓಡುವುದನ್ನು ನೋಡುತ್ತಿದ್ದ.

ಕಿಂಡಿಯ ಬಿಸಿಲು

ಮಾರನೆಯ ಬೆಳಿಗ್ಗೆ ಹುಡುಗ ಮನೆಯಲ್ಲಿ ಇಲ್ಲ. ದಿವ್ಯಲಿಂಗೇಶ್ವರನ ಗುಡಿಯಲ್ಲಿ ಸಿಕ್ಕಿದ. ‘ಏನ್ ತೆಗಿಯೋದು’ ಎಂದವನು ಕಲ್ಲು ಕಂಬಗಳ ನಡುವೆ ನೆಲಕ್ಕೆ ಕೂತಿದ್ದಾನೆ. ಹೊರಗಿನ ಬಿಸಿಲು ಓರೆಯಾಗಿ ಒಳಗೆ ಬಿದ್ದಿದೆ, ಧೂಳು ಅದರೊಳಗೆ ಚಿನ್ನದ ಪುಡಿಯಂತೆ ಏಳುತ್ತಿದೆ. ‘ಇದು ದಿನಾ ಬರದಾ ಅಣ್ಣ?’ ಎಂದು ಕೇಳಿದ! ಹುಟ್ಟಿದಾಗಿನಿಂದ ಬರುತ್ತಿತ್ತು ಕಣೋ.

ಸಂಜೆ ಜಗುಲಿಯ ಮೇಲೆ ವಿಚಾರಣೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಚಿತ್ರ ಸರಿಸಿದರು. ಮಂಜು, ಸರಿಸಿದರು. ಬೆಟ್ಟ, ಸರಿಸಿದರು. ಗುಡಿಯ ಬಿಸಿಲಿಗೆ ಒಂದು ‘ಹೂಂ’ ಅಂದರು. ಆ ಹೆಂಗಸಿನ ಚಿತ್ರ ಬಂದಾಗ ಕೈ ನಿಂತಿತು. ಬಹಳ ಹೊತ್ತು ನೋಡಿದರು.

‘ಯಾರವ್ವ ಇದು?’

‘ಗುಂಡ್ಲುಪೇಟೆ ಅತ್ತಗ ಅಪ್ಪೋ, ಸೂರ್ಯಕಾಂತಿ ಹೊಲದವ್ರು.’

‘ಗಿಡವ ತುಳ್ದಾಕರ ಬಡ್ಡೈಕ್ಳು. ಎಷ್ಟ್ ಸಿಕ್ಕದಂತ ದಿನಕ್ಕ? ಎಣ್ಣೆ ಬೀಜದ ರೇಟು ಹೇಳಿದ್ರ?’

ಒಂದು ಫೋಟೋ ನೋಡಿ ಚಿಕ್ಕಪ್ಪ ಇಷ್ಟು ಪ್ರಶ್ನೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮದುವೆ ಆಲ್ಬಮ್‌ಗಳನ್ನು ಅವರು ಲೋಟದ ಕೆಳಗೆ ಇಡಲು ಬಳಸುತ್ತಾರೆ. ನಂಜನಗೂಡಿನ ಕೆಲಸದ ಮಾತು ಆ ಸಂಜೆ ಬರಲಿಲ್ಲ. ಬದಲಿಗೆ ಕ್ಯಾಮೆರಾ ಎಲ್ಲಿ ಕಲಿಸುತ್ತಾರೆ ಎಂದು ಕೇಳಿದರು. ವಿ.ಕೆ. ಮೂರ್ತಿ ಕಲಿತ ಪಾಲಿಟೆಕ್ನಿಕ್‌ನ ಆ ವಿಭಾಗವೇ ಬೆಳೆದು ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಗಿದೆ ಎಂದೆ. ‘ಸರ್ಕಾರಿ’ ಎಂಬ ಮಾತು ಕೇಳಿ ಮುಖ ಸ್ವಲ್ಪ ಸಡಿಲವಾಯಿತು.

‘ಸೀಟು ಸಿಕ್ಕದ?’

‘ಅರ್ಜಿ ಹಾಕ್ಬೇಕು ಚಿಕ್ಕಪ್ಪ. ಸಿಕ್ಕೇ ಸಿಕ್ಕದು ಅಂತ ಹೇಳಕಾಗಲ್ಲ.’

ಅವರು ಕನ್ನಡಕ ತೆಗೆದು ಮಡಿಚಿದರು. ಆಮೇಲೆ ಮಗನ ಮುಖ ನೋಡದೆ, ಹೊಲದ ಕಡೆ ನೋಡುತ್ತಾ ಹೇಳಿದರು. ‘ಸಿಕ್ಲಿ ಸಿಕ್ಕದೆ ಇರ್ಲಿ. ಅರಿಶಿನ ಬೇಯಿಸೋ ಹೊತ್ಗ ಮಾತ್ರ ಊರ್ಗ ಬಂದ್ಬುಡ್ಬೇಕು. ಆಳು ಸಿಕ್ಕಲ್ಲ.’

ತಮ್ಮ ಆಗಲೇ ಮೊಬೈಲಿನಲ್ಲಿ ಏನೋ ಲೆಕ್ಕ ಹಾಕುತ್ತಿದ್ದ. ಅರಿಶಿನ ಬೇಯಿಸುವ ಕೊಪ್ಪರಿಗೆಯಿಂದ ಏಳುವ ಹಬೆಯ ಹಿಂದೆ ಬೆಳಿಗ್ಗೆ ಸೂರ್ಯ ಯಾವ ಕಡೆಯಿಂದ ಬರುತ್ತಾನೆ ಎಂದು ನನ್ನನ್ನು ಕೇಳಿದ. ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪ ಕೈಯೆತ್ತಿ ಹುಣಸೆಮರದ ಕಡೆ ತೋರಿಸಿದರು.